ಎಂಟು ವರ್ಷ ಬಿಟ್ಟು ಮತ್ತೆ ನೇಲ್ ಕೆಲ್ಸಕ್ಕೆ ಬರ್ತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಕುವೆಂಪುನಗರದವಳು:

ಎಲ್ರಿಗೂ ನಮಸ್ಕಾರ. ನಾನು 2014ರಿಂದ 2018ರವರೆಗೆ ಬೆಂಗ್ಳೂರಲ್ಲಿ ಒಂದು ಸಲೂನ್‌ನಲ್ಲಿ ನೇಲ್ ಟೆಕ್ನಿಷಿಯನ್ ಆಗಿದ್ದೆ, ಜಾಸ್ತಿ ಅಕ್ರಿಲಿಕ್ ಎಕ್ಸ್‌ಟೆನ್ಷನ್ನು, ಆಮೇಲೆ ಜೆಲ್ ಪಾಲಿಶು. ಬಸುರಿ ಆದಾಗ ಅಕ್ರಿಲಿಕ್ ಪುಡಿ ಕಲಸೋ ಲಿಕ್ವಿಡ್ಡು, ಆ ಮೊನೊಮರ್ ವಾಸ್ನೆ ತಡ್ಕೊಳಕ್ಕೇ ಆಗ್ತಿರ್ಲಿಲ್ಲ, ಬಿಟ್ಬಿಟ್ಟೆ. ಆಮೇಲೆ ನಮ್ಮನೆಯವ್ರಿಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಯ್ತು, ಕೋವಿಡ್ ಬಂತು, ಅತ್ತೆಗೆ ಮಂಡಿ ಆಪರೇಷನ್ ಆಯ್ತು, ಹಿಂಗೇ ವರ್ಷಗಳು ಹೋದ್ವು. ಈಗ ಮಗಳು ಎರಡನೇ ಕ್ಲಾಸು, ಬೆಳಿಗ್ಗೆ ಒಂಬತ್ತರಿಂದ ಮೂರೂವರೆವರೆಗೆ ನನಗೆ ಟೈಮ್ ಇದೆ.

ಹೋದ ವಾರ ಅಟ್ಟದಿಂದ ಹಳೇ ಕಿಟ್ ಇಳಿಸ್ದೆ. ಅಕ್ರಿಲಿಕ್ ಬ್ರಶ್ಶಿನ ಕೂದ್ಲು ಒಣಗಿ ಕಡ್ಡಿ ಆಗಿದೆ, ಬಾಟ್ಲಿಗಳೆಲ್ಲ ಎಸೆಯೋದೇ, ಆದ್ರೆ ನನ್ನ 36 ವ್ಯಾಟ್ ಯುವಿ ಲ್ಯಾಂಪ್ ಪ್ಲಗ್ ಹಾಕಿದ್ ತಕ್ಷಣ ನಾಲ್ಕೂ ಟ್ಯೂಬು ಹತ್ಕೊಂಡ್ವು, ನೋಡಿ ಕಣ್ಣಲ್ಲಿ ನೀರು ಬಂತು. ಆ ಖುಷೀಲೇ ಹೊಸ ಜೆಲ್ ತರಿಸಿ ತಂಗಿ ಕೈಗೆ ಹಚ್ಚಿದೆ. ಬೆರಳಿಂದ ಬೆರಳಿಗೆ ಹೋಗೋದು ಮರ್ತಿಲ್ಲ, ಆದ್ರೆ ಉಗುರಿನ ಬುಡದ ಚರ್ಮ, ಕ್ಯೂಟಿಕಲ್ ಹತ್ರ ಬಂದಾಗೆಲ್ಲ ಬ್ರಶ್ ನಡುಗಿ ಜೆಲ್ ಚರ್ಮದ ಮೇಲೆ ಹರೀತಿತ್ತು. ನಾಲ್ಕನೇ ದಿನಕ್ಕೆ ಎರಡು ಉಗುರಲ್ಲಿ ಜೆಲ್ ಸಿಪ್ಪೆ ಥರ ಎದ್ದು ಬಂತು ಅಂತ ಫೋಟೋ ಕಳಿಸಿದ್ಲು.

ಈಗ ಎಲ್ಲಿ ನೋಡಿದ್ರೂ ಉಗುರಿಗೆ ಗಟ್ಟಿ ಕೊಡೋ ದಪ್ಪ ಬಿಲ್ಡರ್ ಜೆಲ್, ಜೆಲ್ಲು ಅಕ್ರಿಲಿಕ್ಕು ಸೇರಿಸಿದ ಪಾಲಿಜೆಲ್, ರೆಡಿ ಉಗುರು ಥರ ಅಂಟಿಸೋ ಸಾಫ್ಟ್ ಜೆಲ್ ಟಿಪ್ಸು. ನಾವು ಕೈಯಲ್ಲೇ ಫೈಲ್ ಮಾಡ್ತಿದ್ವಿ, ಈಗ ಎಲ್ರ ಕೈಯಲ್ಲೂ ಡ್ರಿಲ್ ಮಷಿನ್ನು. ನಾನು ಮೊದ್ಲಿಂದ ಕೋರ್ಸ್ ಮಾಡ್ಬೇಕಾ? ಹಳೇ ಲ್ಯಾಂಪ್ ನಡಿಯತ್ತಾ? ಯಾವ್ದಾದ್ರೂ ಸಲೂನ್ ಸೇರ್ಲಾ ಇಲ್ಲ ಮನೆ ಮುಂದಿನ ರೂಮಲ್ಲೇ ಶುರು ಮಾಡ್ಲಾ? ಈ ಕೆಲ್ಸ ನನಗೆ ತುಂಬಾ ಇಷ್ಟ, ಅದಕ್ಕೇ ಕೇಳ್ತಿದೀನಿ.

ಗೋಕುಲಂ ನೇಲ್ಸ್ ಟೇಬಲ್:

ವಾಪಸ್ ಬನ್ನಿ ಅಕ್ಕಾ, ಖಂಡಿತ ಬನ್ನಿ. ಆದ್ರೆ ಮೊದ್ಲು ಆ ಲ್ಯಾಂಪ್ ಪಕ್ಕಕ್ಕಿಡಿ. ಟ್ಯೂಬ್ ಉರಿಯೋದಕ್ಕೂ ಜೆಲ್ ಕ್ಯೂರ್ ಆಗೋದಕ್ಕೂ, ಅಂದ್ರೆ ಪೂರ್ತಿ ಗಟ್ಟಿಯಾಗೋದಕ್ಕೂ ಸಂಬಂಧ ಇಲ್ಲ. ಆ ಟ್ಯೂಬ್‌ಗಳು ಉರೀತಾ ಉರೀತಾ ಶಕ್ತಿ ಕಳ್ಕೊಳ್ತವೆ, ಕಣ್ಣಿಗೆ ಮಾತ್ರ ಅದೇ ನೀಲಿ ಬೆಳಕು ಕಾಣತ್ತೆ. ಈಗಿನ ಜೆಲ್‌ಗಳನ್ನ ಎಲ್‌ಇಡಿ ಲ್ಯಾಂಪ್‌ಗೆ ಅಂತ ಮಾಡಿರ್ತಾರೆ, ಜಾಸ್ತಿ 365 ಮತ್ತು 405 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಆಗ ಎರಡು ನಿಮಿಷ ಇಡ್ತಿದ್ವಲ್ಲ, ಈಗ ಮೂವತ್ತರಿಂದ ಅರವತ್ತು ಸೆಕೆಂಡು. ಹಳೇ ಲ್ಯಾಂಪಲ್ಲಿ ಮೇಲೆ ಗಟ್ಟಿಯಾಗಿ ಹೊಳೀತಿದ್ರೂ ಒಳಗಡೆ ಹಸಿ ಉಳಿಯತ್ತೆ. ನಿಮ್ಮ ತಂಗಿಗೆ ಆಗಿದ್ದು ಅರ್ಧ ಇದು, ಇನ್ನರ್ಧ ಕ್ಯೂಟಿಕಲ್ ಮೇಲೆ ಹರಿದಿದ್ದು. ಯಾವ ಬ್ರಾಂಡ್ ಜೆಲ್ ತಗೋತೀರೋ ಅವ್ರೇ ಹೇಳೋ ಲ್ಯಾಂಪ್ ತಗೊಳ್ಳಿ, ಇದೊಂದ್ರಲ್ಲಿ ದುಡ್ಡು ಉಳಿಸ್ಬೇಡಿ.

ಬಿಲ್ಡರ್ ಜೆಲ್ ನಿಮಗೆ ಕಷ್ಟ ಆಗಲ್ಲ. ಅಕ್ರಿಲಿಕ್ಕಲ್ಲಿ ಮಧ್ಯದಲ್ಲಿ ಉಬ್ಬು ಕೊಡ್ತಿದ್ರಲ್ಲ, ಅದೇ ಲೆಕ್ಕ, ಇದು ತಾನಾಗೇ ಹರಿದು ಸಮ ಆಗತ್ತೆ ಅಷ್ಟೆ. ದಪ್ಪ ಹಾಕಿದ್ರೆ ಲ್ಯಾಂಪ್ ಒಳಗೆ ಬಿಸಿ ಹೊಡಿಯತ್ತೆ, ಕಸ್ಟಮರ್ ಹಾ ಅಂತ ಕೈ ಎಳ್ಕೊಳ್ತಾರೆ, ಅದಕ್ಕೆ ಮೊದ್ಲೇ ಹೇಳಿಟ್ಟು ತೆಳುವಾಗಿ ಎರಡು ಲೇಯರ್ ಹಾಕಿ.

ಡ್ರಿಲ್ ಮಾತ್ರ ಯಾರ ಹತ್ರನಾದ್ರೂ ಕೂತು ಕಲೀರಿ, ವಿಡಿಯೋ ನೋಡ್ಕೊಂಡು ಬೇಡ. ಡ್ರಿಲ್ಲಿಗೆ ಹಾಕೋ ತಿರುಗೋ ಬಿಟ್ ಉಗುರಿಗೆ ಸಮವಾಗಿ ಮಲಗಿರ್ಬೇಕು, ತುದಿ ಕೆಳಗೆ ಬಗ್ಗಿದ್ರೆ ಕ್ಯೂಟಿಕಲ್ ಹತ್ರ ಉಗುರಿನ ಮೇಲೆ ಕೆಂಪು ಬಳೆ ಥರ ಗೆರೆ ಬೀಳತ್ತೆ. ಆ ಗೆರೆ ತುದಿವರೆಗೆ ಬೆಳೆದು ಹೋಗ್ಬೇಕಂದ್ರೆ ಹತ್ತಿರ ಹತ್ತಿರ ಆರು ತಿಂಗ್ಳು, ಉಗುರು ಬೆಳಿಯೋದು ತಿಂಗ್ಳಿಗೆ ಸುಮಾರು 3 ಮಿಲಿಮೀಟರ್ ತಾನೆ. ಪೆನ್ಸಿಲ್ ತುದಿಗೆ ಪ್ಲಾಸ್ಟಿಕ್ ಟಿಪ್ ಅಂಟಿಸಿ ಅದರ ಮೇಲೆ ಜೆಲ್ ಹಾಕಿ, ತೆಗೀರಿ, ಮತ್ತೆ ಹಾಕಿ. ನಾನು ಎರಡನೇ ಹೆರಿಗೆ ಆದ್ಮೇಲೆ ಬಂದಾಗ ದಿನಾ ಇಪ್ಪತ್ತು ಟಿಪ್ ಹಂಗೇ ಮಾಡ್ದೆ, ಮೂರನೇ ವಾರಕ್ಕೆ ಕೈ ನಿಲ್ತು. ಪೂರ್ತಿ ಕೋರ್ಸ್ ಬೇಡ ಅನ್ನೋದು ನನ್ನ ಅಭಿಪ್ರಾಯ.

ಮಂಡ್ಯ ವಿದ್ಯಾನಗರ:

ಅಕ್ಕಾ ನಂದು ಮಂಡ್ಯ ಕಣಕ್ಕ, ಮನೇಲೇ ಮಾಡ್ತೀನಿ. ಇನ್‌ಸ್ಟಾದಲ್ಲಿ ಬರೋ ಉದ್ದುದ್ದ ಉಗುರು ನೋಡಿ ಹೆದರ್ಕೋಬೇಡಿ, ನಮ್ ಕಡೆ ಕೈಯಲ್ಲಿ ಮುದ್ದೆ ಮುರ್ದು ಉಣ್ಣೋ ಜನ, ಆ ಉದ್ದ ಕೇಳೋದು ಮದ್ವೆ ಹೆಣ್ಣು ಮಾತ್ರ, ಅದೂ ಒಂದ್ವಾರಕ್ಕೆ. ಉಳ್ದೋರೆಲ್ಲ ಸ್ವಂತ ಉಗುರ್ ಮೇಲೆ ಗಿಡ್ಡಕ್ಕೆ ಬಿಲ್ಡರ್ ಜೆಲ್ ಹಾಕಿಸ್ಕೊಂಡು ಮೂರು ವಾರಕ್ಕೊಂದ್ ಸತಿ ಬೆಳೆದ ಜಾಗ ತುಂಬಿಸ್ಕೊಳಕ್ಕೆ ರೀಫಿಲ್‌ಗೆ ಬತ್ತಾರೆ, ನನ್ ಮನೆ ನಡೆಯೋದು ಅವ್ರಿಂದ್ಲೇ. ಟೀಚರ್‌ಗಳು, ಬ್ಯಾಂಕ್‌ನೋರು.

ಇನ್ನೊಂದು, ಮದ್ವೆ ಬುಕಿಂಗ್ ತಗೊಂಡ್ರೆ ಅರಿಶಿನ ಶಾಸ್ತ್ರ ಯಾವತ್ತು ಅಂತ ಮೊದ್ಲು ಕೇಳಿ. ಒಂದ್ ಹುಡ್ಗಿಗೆ ಉಗುರ್ ತುದಿ ಬಿಳಿ ಮಾಡೋ ಫ್ರೆಂಚ್ ಡಿಸೈನ್ ಹಾಕ್ಕೊಟ್ಟೆ, ಮಾರನೇ ದಿನ ಅರಿಶಿನ, ಹತ್ತೂ ಉಗುರು ಹಳ್ದಿ ಆಗೋಯ್ತು, ಮುಹೂರ್ತದ ಹಿಂದಿನ ರಾತ್ರಿ ಹನ್ನೊಂದು ಗಂಟೇಲಿ ಛತ್ರಕ್ಕೆ ಹೋಗಿ ಟಾಪ್ ಕೋಟ್ ಉಜ್ಜಿ ತೆಗ್ದು ಮತ್ತೆ ಹಾಕ್ದೆ. ಪಾಪ ಆ ಮಗು ಅಳ್ತಾ ಕೂತಿತ್ತು. ಈಗ ಅರಿಶಿನ ಆದ್ಮೇಲೇ ಉಗುರು ಅಂತ ಹೇಳ್ಬಿಡ್ತೀನಿ.

ಆಷಾಢದಲ್ಲಿ ಮದ್ವೆ ಇರಲ್ಲ, ಅದು ಕೈ ಪಳಗಿಸ್ಕೊಳಕ್ಕೆ ಒಳ್ಳೆ ಟೈಮು. ದುಡ್ಡು ಬೇಕಾದ್ರೆ ಬ್ಯಾಂಕಲ್ಲಿ ಮುದ್ರಾ ಸಾಲದ ಶಿಶು ವಿಭಾಗ ಕೇಳಿ, 50,000ದವರೆಗೆ, ಅಡಮಾನ ಕೇಳಂಗಿಲ್ಲ.

ಈಗ ಸೀರೆ ಉಡಿಸ್ತೀನಿ:

ನಾನು ಈ ಕೆಲ್ಸ ಬಿಡ್ಬೇಕಾಗಿ ಬಂದವಳು, ಅದಕ್ಕೇ ಬರೀತಿದೀನಿ. ಚರ್ಮದ ಮೇಲೆ ಹರೀತು ಅಂದ್ರಲ್ಲ, ದಯವಿಟ್ಟು ಅದನ್ನ ಸಣ್ಣದು ಅನ್ಕೋಬೇಡಿ. ಲ್ಯಾಂಪ್‌ಗೆ ಇಡೋ ಮೊದ್ಲು ಕಡ್ಡೀಲಿ ಪೂರ್ತಿ ಒರೆಸಿ. ಹಸಿ ಜೆಲ್‌ನಲ್ಲಿರೋ ಹೆಮಾ ಥರದ ಅಕ್ರಿಲೇಟ್‌ಗಳು ಅನ್ನೋ ಕೆಮಿಕಲ್ಲು ಚರ್ಮಕ್ಕೆ ತಾಗ್ತಾ ತಾಗ್ತಾ ಒಂದಿನ ಅಲರ್ಜಿ ಶುರು ಆಗ್ಬೋದು, ಶುರು ಆದ್ರೆ ಜೀವನ ಪೂರ್ತಿ. ನಾನಿದ್ದ ಕಡೆ ಗ್ಲೌಸ್ ಕೊಡ್ತಿರ್ಲಿಲ್ಲ, ಎಲ್ರೂ ಬರಿಗೈಲೇ. ನನ್ನ ಹೆಬ್ಬೆರಳು ತೋರುಬೆರಳು ತುದಿ ಸೀಳಿ, ಸಾರು ಕಲಸಿದ್ರೆ ಉರಿ, ಮಗನ ಶರ್ಟ್ ಗುಂಡಿ ಹಾಕಕ್ಕೂ ಆಗ್ತಿರ್ಲಿಲ್ಲ. ಚರ್ಮದ ಡಾಕ್ಟ್ರು ಪ್ಯಾಚ್ ಟೆಸ್ಟ್ ಮಾಡಿ ಹೇಳಿದ್ರು, ಇನ್ಮೇಲೆ ಹಲ್ಲಿಗೆ ಫಿಲ್ಲಿಂಗ್ ಮಾಡಿಸಿದ್ರೂ, ಮೂಳೆ ಆಪರೇಷನ್ ಆದ್ರೂ ಈ ಅಲರ್ಜಿ ಇದೆ ಅಂತ ಮೊದ್ಲೇ ತಿಳಿಸ್ಬೇಕು, ಅಲ್ಲೂ ಇದೇ ಜಾತಿ ಕೆಮಿಕಲ್ ಬಳಸ್ತಾರೆ ಅಂತ.

ನೈಟ್ರೈಲ್ ಗ್ಲೌಸ್ ಹಾಕಿ, ಜೆಲ್ ತಾಗಿದ್ರೆ ತಕ್ಷಣ ಬದಲಾಯಿಸಿ, ತೆಳು ಗ್ಲೌಸ್ ದಾಟಿ ಕೆಲವೇ ನಿಮಿಷದಲ್ಲಿ ಒಳಗೆ ಬರತ್ತೆ ಅದು. ಯುರೋಪಲ್ಲಿ ಹೆಮಾ ಇರೋ ನೇಲ್ ಪ್ರಾಡಕ್ಟ್ ಮೇಲೆ ಪ್ರೊಫೆಷನಲ್‌ಗಳಿಗೆ ಮಾತ್ರ ಅಂತ ಬರೀಲೇಬೇಕು. ಜೆಲ್ ಗಟ್ಟಿ ಮಾಡಕ್ಕೆ ಹಾಕೋ ಟಿಪಿಒ ಅನ್ನೋದನ್ನಂತೂ ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಲ್ಲಿಸೇಬಿಟ್ಟಿದ್ದಾರೆ. ಕಿಟ್ ತಗೊಳ್ಳೋವಾಗ ಹೆಮಾ ಇಲ್ಲದ್ದು, ಟಿಪಿಒ ಇಲ್ಲದ್ದು ಕೇಳಿ ತಗೊಳ್ಳಿ. ಹೆಸ್ರಿಲ್ಲದ ಅಗ್ಗದ ಅಕ್ರಿಲಿಕ್ ಲಿಕ್ವಿಡ್ ಬೇಡ್ವೇ ಬೇಡ, ಎಂಎಂಎ ಅನ್ನೋ ಅಗ್ಗದ ಮೊನೊಮರ್ ಇದ್ರೆ ಅಸಿಟೋನಲ್ಲಿ ಸರಿಯಾಗಿ ಕರಗಲ್ಲ, ಕಿತ್ತರೆ ಉಗುರೂ ಜೊತೆಗೆ ಬರತ್ತೆ.

ಕುವೆಂಪುನಗರದವಳು:

ಸೀರೆ ಉಡಿಸೋ ಅಕ್ಕಾ, ನಿಮ್ಮದು ಓದಿ ನನ್ನ ಬೆರಳುಗಳನ್ನೇ ನೋಡ್ಕೊಂಡು ಕೂತೆ. ನಾವೂ ಬರಿಗೈಲೇ ಮಾಡ್ತಿದ್ವಿ, ಯಾರೂ ಹೇಳ್ಕೊಟ್ಟಿರ್ಲಿಲ್ಲ. ಈಗ ಹೇಗಿದೆ ನಿಮ್ಮ ಕೈ?

ತಂಗಿಗೆ ಫೋನ್ ಮಾಡಿ ಉಳ್ದಿದ್ದನ್ನ ಕೀಳ್ಬೇಡ, ಬಂದು ತೆಗೀತೀನಿ ಅಂದೆ, ಇವತ್ತು ಸಂಜೆ ಹೋಗಿ ಅಸಿಟೋನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ತೆಗೀತೀನಿ. ಗೋಕುಲಂ ಮೇಡಂ, ನಿಮ್ಮ ಹತ್ರ ಡ್ರಿಲ್ ಕಲಿಯಕ್ಕೆ ಬೆಳಿಗ್ಗೆ ಹತ್ತರ ಮೇಲೆ ಬರ್ಬೋದಾ, ಫೀಸ್ ಎಷ್ಟಾದ್ರೂ ಹೇಳಿ. ಮಗಳ ಪೆನ್ಸಿಲ್ ಬಾಕ್ಸಿಂದ ಐದು ಪೆನ್ಸಿಲ್ ತಗೊಂಡು ಟಿಪ್ ಅಂಟಿಸಿಟ್ಟಿದೀನಿ, ಸ್ಕೂಲಿಂದ ಬಂದು ನೋಡಿ ಒಂದಕ್ಕೆ ನೇರಳೆ ಬಣ್ಣ ಹಾಕಮ್ಮಾ ಅಂತ ಕೇಳಿದ್ಲು.