‘ಹೊಂದುತ್ತೆ’ ಅಂದ್ರೆ ಏನು? ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಮಾತುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯಕ್ಕೆ ನಿಮ್ಮ ಸಹಾಯ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ವಸ್ತು ಏನು ಅಂತ ಹೇಳದೆ ಬರೀ ಪದ ಕೇಳಿದ್ರೆ ಬರೋದೆಲ್ಲಾ ನಿಘಂಟಿನ ಉತ್ತರಾನೇ, ನನಗೆ ಬೇಕಿರೋದು ಗಾಡಿ ನೋಡೋಕೆ ಹೋದಾಗ ಬಾಯಲ್ಲಿ ಬರೋ ಮಾತು.

ಕೇಳ್ತಿರೋದು ಕಂಪ್ಯಾಟಿಬಲ್ ಅನ್ನೋದಕ್ಕೆ. ‘ಹೊಂದಾಣಿಕೆ’ ಇದೆಯಲ್ಲಾ ಅಂತೀರಿ, ನಾನೂ ಹಾಗೇ ಅನ್ಕೊಂಡಿದ್ದೆ. ಆ ಒಂದು ಪದದಿಂದ ನಮ್ಮ ಮನೇಲಿ ಏನಾಯ್ತು ಅಂತ ಮೊದಲು ಹೇಳ್ತೀನಿ.

ತುಮಕೂರಲ್ಲಿರೋ ನನ್ನ ಭಾಮೈದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಹುಡುಕ್ತಿದ್ದ. ಕಂಪನಿ ಕ್ಯಾಬ್ ಆಗಿ ಓಡಿದ್ದ ಹಳೇ ಸೆಡಾನ್ ಒಂದು ಕಮ್ಮಿ ರೇಟಿಗೆ ಸಿಕ್ತು. ಫೋನಲ್ಲಿ ಕೇಳಿದ್ದಕ್ಕೆ ಡೀಲರು ‘ಫಾಸ್ಟ್ ಚಾರ್ಜಿಂಗ್ ಇದೆ ಸಾರ್, ಎಲ್ಲಾ ಕಡೆ ಹೊಂದುತ್ತೆ’ ಅಂದ್ರಂತೆ. ಇವನು ಸುಮ್ನೆ ನಂಬಲಿಲ್ಲ, ಚಾರ್ಜಿಂಗ್ ಜಾಗದ ಫೋಟೋ ತರಿಸ್ಕೊಂಡ, ಅದರಲ್ಲಿ ಪಿನ್ನಿನ ಜಾಗ ಎಣಿಸ್ದ, ಒಂಬತ್ತು ಇತ್ತು, ಸಿಸಿಎಸ್ 2 (ಈಗ ಹೆಚ್ಚಿನ ಕಾರುಗಳಲ್ಲಿರೋ ಫಾಸ್ಟ್ ಚಾರ್ಜಿಂಗ್ ನಮೂನೆ) ಅಂದ್ರೂ ಒಂಬತ್ತೇ ಅಂತ ಎಲ್ಲೋ ಓದಿದ್ದ (ಮೇಲೆ ಏಳು, ಕೆಳಗೆ ದಪ್ಪದ್ದು ಎರಡು), ಸರಿ ಹೊಂದಿತು ಅಂತ ಅಡ್ವಾನ್ಸ್ ಕೊಟ್ಟುಬಿಟ್ಟ. ಆಮೇಲೆ ಗಾಡಿ ಓಡಿಸಿ ನೋಡೋಣ ಅಂತ ನಾವಿಬ್ರೂ ಹೋಗಿ ಹೈವೇ ಪಕ್ಕದ ಒಂದು ಚಾರ್ಜಿಂಗ್ ಸ್ಟೇಷನ್ನಿಗೆ ತಂದು ನಿಲ್ಲಿಸಿದ್ವಿ. ಅಲ್ಲಿದ್ದ ಹುಡುಗ ಗನ್ (ವೈರಿನ ತುದೀಲಿರೋ, ಕೈಯಲ್ಲಿ ಹಿಡಿದು ಕಾರಿಗೆ ಚುಚ್ಚೋದು) ಎತ್ಕೊಂಡು ಬಂದ, ಮುಚ್ಚಳ ತೆಗೆದ, ಒಂದು ಸಲ ಗನ್ನಿನ ಕಡೆ ನೋಡ್ದ, ಒಂದು ಸಲ ಕಾರಿನ ಕಡೆ ನೋಡ್ದ. ಗನ್ನಿನ ಮುಖ ಮೇಲೊಂದು ಗುಂಡು ಕೆಳಗೊಂದು ಉದ್ದ, ಒಂದರ ಮೇಲೊಂದು ಇಟ್ಟ ಹಾಗೆ, ಕಾರಲ್ಲಿರೋದು ಪೂರ್ತಿ ದುಂಡಗೆ, ಒಂದೇ ತಟ್ಟೆ. ‘ಇದು ಕೂರಲ್ಲ ಅಣ್ಣ’ ಅಂತ ಗನ್ ವಾಪಸ್ ತಗುಲಿ ಹಾಕ್ದ. ಭಾಮೈದ ಏನೂ ಮಾತಾಡ್ದೆ ಆ ದುಂಡು ಬಾಯಿ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತಾ ನಿಂತಿದ್ದು ನನಗೆ ಈಗ್ಲೂ ಕಣ್ಮುಂದೆ ಇದೆ.

ಆಗಿದ್ದು ಇಷ್ಟು. ನಮ್ಮ ದೇಶದಲ್ಲಿ 2017ರಲ್ಲಿ ಭಾರತ್ ಎಸಿ 001, ಭಾರತ್ ಡಿಸಿ 001 ಅಂತ ಚಾರ್ಜಿಂಗಿಗೆ ಎರಡು ನಮೂನೆ ಗೊತ್ತು ಮಾಡಿದ್ರು (ಎಸಿ ಅಂದ್ರೆ ಮನೆಗೆ ಬರೋ ಥರದ ಕರೆಂಟು, ಡಿಸಿ ಅಂದ್ರೆ ನೇರ ಬ್ಯಾಟರಿಗೆ ಹೋಗೋದು, ಫಾಸ್ಟ್ ಚಾರ್ಜಿಂಗ್ ಅನ್ನೋದು ಇದನ್ನೇ). ಆ ಡಿಸಿ 001ರ ಗನ್ನು ಚೀನಾದ ಜಿಬಿ/ಟಿ ನಮೂನೆದು, ದುಂಡಗೆ, ಒಂಬತ್ತು ಪಿನ್ನು, ಹೆಚ್ಚು ಅಂದ್ರೆ 15 ಕಿಲೋವ್ಯಾಟ್. ಮಹೀಂದ್ರಾ ಇ-ವೆರಿಟೊ, ಮೊದಮೊದಲ ಟಾಟಾ ಟಿಗೋರ್ ಇವಿ ಥರದ 72 ವೋಲ್ಟಿನ ಗಾಡಿಗಳು ಇದರ ಮೇಲೆ ಬಂದವು, ಅವತ್ತಿನ ಮಟ್ಟಿಗೆ ಅದು ಸರಿಯಾಗೇ ಇತ್ತು. ಆಮೇಲೆ 2019ರಲ್ಲಿ ಹ್ಯುಂಡೈ ಕೋನಾ, 2020ರ ಜನವರೀಲಿ ನೆಕ್ಸಾನ್ ಇವಿ, ಎಂಜಿ ಝಡ್‌ಎಸ್ ಬಂದಾಗ ಎಲ್ಲಾ ಸಿಸಿಎಸ್ 2 ಆಯ್ತು, ಟಿಗೋರ್ ಕೂಡ 2021ರಲ್ಲಿ ಸಿಸಿಎಸ್ 2ಕ್ಕೆ ಬಂತು. 2018ರ ಡಿಸೆಂಬರಿನ ಕೇಂದ್ರದ ಮಾರ್ಗಸೂಚೀಲಿ ಸಾರ್ವಜನಿಕ ಸ್ಟೇಷನ್ ಅಂದ್ರೆ ಎಲ್ಲಾ ನಮೂನೆ ಗನ್ನೂ ಇಡ್ಬೇಕು ಅಂತಿತ್ತು, 2019ರ ಅಕ್ಟೋಬರಲ್ಲಿ ಅದನ್ನ ಸಡಿಲಿಸಿ ಯಾವುದು ಇಡ್ಬೇಕೋ ನೀವೇ ನೋಡ್ಕೊಳಿ ಅಂದ್ರು. ಹಾಗಾಗಿ ಹೊಸ ಸ್ಟೇಷನ್ನುಗಳಲ್ಲಿ ದುಂಡು ಗನ್ ಹುಡುಕಬೇಕು. ಡೀಲರು ‘ಹೊಂದುತ್ತೆ’ ಅಂದಿದ್ದು ಯಾವುದಕ್ಕೆ ಏನು ಹೊಂದುತ್ತೆ ಅಂತ ನಾವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ.

ಪದದ ವಿಷಯ ಇಲ್ಲಿಂದ ಶುರು. ವಾಪಸ್ ಹೋಗಿ ಕೇಳಿದ್ದಕ್ಕೆ ‘ಅಡಾಪ್ಟರ್ ಹಾಕ್ಕೊಳ್ಳಿ ಸಾರ್, ಹೊಂದುತ್ತೆ’ ಅಂದ್ರು, ಮತ್ತೆ ಅದೇ ಪದ. ನಮ್ಮ ಮನೆ ವೈರಿಂಗ್ ಮಾಡಿದ ವೈರ್‌ಮನ್‌ನ ಕೇಳ್ದೆ, ಅವರು ಒಂದೇ ಮಾತಲ್ಲಿ ಹೇಳಿದ್ರು: ‘ಅಡಾಪ್ಟರ್ ಹಾಕಿದ್ರೆ ಕೂರಬಹುದು ಸಾರ್, ಆದ್ರೆ ಒಗ್ಗಲ್ಲ.’ ಎಷ್ಟು ಸರಿಯಾದ ಮಾತು ನೋಡಿ. ಆ ಗಾಡಿ 72 ವೋಲ್ಟಿಂದು, ನೆಕ್ಸಾನ್ ಥರದ್ದು ಸುಮಾರು 320 ವೋಲ್ಟು, ಸಾಮಾನ್ಯವಾಗಿ ಸಿಸಿಎಸ್ ಚಾರ್ಜರುಗಳು 72 ವೋಲ್ಟಿನಷ್ಟು ಕೆಳಗೆ ಇಳಿಯೋದೇ ಇಲ್ಲ. ಅದು ಸಾಲದು ಅಂತ ಚಾರ್ಜರೂ ಕಾರೂ ಒಂದಕ್ಕೊಂದು ಮಾತಾಡ್ಕೊಳ್ಳೋ ರೀತೀನೂ ಬೇರೆ, ಜಿಬಿ/ಟಿ ಅದಕ್ಕೇ ಅಂತ ಇರೋ ಬೇರೆ ತಂತೀಲಿ ಮಾತಾಡುತ್ತೆ, ಸಿಸಿಎಸ್ ಕಂಟ್ರೋಲ್ ಪಿನ್ನಿನ ಮೇಲೇ ಸಿಗ್ನಲ್ ಕಳಿಸುತ್ತೆ. ಮಾತು ಕೂಡಲಿಲ್ಲ ಅಂದ್ರೆ ಚಾರ್ಜರು ಕರೆಂಟೇ ಬಿಡಲ್ಲ.

‘ಕೂರು’ ಮತ್ತೆ ‘ಒಗ್ಗು’. ಕುಕ್ಕರ್ ಮುಚ್ಚಳ ಕೂರ್ತಿಲ್ಲ, ಬಾಗಿಲು ಚೌಕಟ್ಟಿಗೆ ಕೂತಿಲ್ಲ ಅಂತೀವಿ, ಅದು ಆಕಾರದ ಮಾತು, ಕಣ್ಣಲ್ಲಿ ಕೈಯಲ್ಲಿ ಗೊತ್ತಾಗುತ್ತೆ. ಆ ಊರಿನ ನೀರು ಒಗ್ಗಲಿಲ್ಲ, ಮಗೂಗೆ ಹಸುವಿನ ಹಾಲು ಒಗ್ಗಲ್ಲ ಅಂತೀವಿ, ಅಲ್ಲಿ ನೀರು ಬಾಯೊಳಗೆ ಹೋಗೋಕೆ ಏನೂ ತೊಂದರೆ ಇಲ್ಲ, ಹೋದ್ಮೇಲೆ ಒಳಗೆ ಒಪ್ಪಲ್ಲ. ಕೂತರೂ ಒಗ್ಗದೆ ಇರೋದು, ಒಗ್ಗೋ ಹಾಗಿದ್ರೂ ಕೂರದೆ ಇರೋದು, ಎರಡೂ ಸಾಧ್ಯ. ‘ಹೊಂದು’ ಇವೆರಡನ್ನೂ ಸೇರಿಸಿ ಮುಚ್ಚಿಬಿಡುತ್ತೆ. ಪೊಂದು ಹೊಂದು ಆಗಿ ಬಂದ ಹಳೇ ಒಳ್ಳೇ ಪದ, ಅದರ ಮೇಲೆ ನನಗೆ ಸಿಟ್ಟಿಲ್ಲ, ಜಾತಕ ಹೊಂದೋದು, ಬಣ್ಣ ಹೊಂದೋದು, ಅತ್ತೆ ಸೊಸೆ ಹೊಂದ್ಕೊಂಡು ಹೋಗೋದು ಎಲ್ಲಾದಕ್ಕೂ ಅದೇ ಆಗುತ್ತೆ, ಅದಕ್ಕೇ ಇಲ್ಲಿ ಅದು ಸಾಲಲ್ಲ ಅಂತ ನನ್ನ ಅಭಿಪ್ರಾಯ.

ಮೂರನೇದು ಒಂದಿದೆ. ಗನ್ ಕೂತಿತು, ಒಗ್ಗಿತು, ಚಾರ್ಜೂ ಆಗ್ತಿದೆ, ಆದ್ರೆ ಎಷ್ಟು ಹೊತ್ತು? ಆಫೀಸಿನ ಬೇಸ್‌ಮೆಂಟಲ್ಲಿ 22 ಕಿಲೋವ್ಯಾಟ್ ಅಂತ ಬೋರ್ಡ್ ಇರೋ ಟೈಪ್ 2 (ಎಸಿ ಚಾರ್ಜಿಂಗಿನ ಏಳು ಪಿನ್ನಿನ ನಮೂನೆ) ಪಾಯಿಂಟ್ ಇರುತ್ತೆ, ಅದಕ್ಕೆ ಮೊದಲ ನೆಕ್ಸಾನ್ ಇವಿ ಹಾಕಿದ್ರೆ ಆ ಕಾರು ಎಳೆಯೋದು 3.3 ಕಿಲೋವ್ಯಾಟ್ ಮಾತ್ರ, ಯಾಕಂದ್ರೆ ಎಸಿ ಚಾರ್ಜಿಂಗಲ್ಲಿ ನಿಜವಾದ ಚಾರ್ಜರು ಇರೋದು ಕಾರೊಳಗೆ, ಅದರ ತಾಕತ್ತೇ ಅಷ್ಟು. 30.2 ಯೂನಿಟ್ ಬ್ಯಾಟರಿಗೆ ಹತ್ತಿರ ಹತ್ತಿರ ಒಂಬತ್ತು ಗಂಟೆ. ಮನೇಲಿ 15 ಆಂಪಿನ ಪವರ್ ಪ್ಲಗ್ಗಿಗೆ ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ. 2022ರ ನೆಕ್ಸಾನ್ ಮ್ಯಾಕ್ಸಲ್ಲಿ 7.2 ಕಿಲೋವ್ಯಾಟಿಂದೂ ಕೊಟ್ರು, ಹಾಗಾಗಿ ಸೆಕೆಂಡ್ ಹ್ಯಾಂಡಲ್ಲಿ ಮ್ಯಾಕ್ಸ್ ತಗೊಳ್ಳೋರು ಇದು ಯಾವುದು ಅಂತ ಕೇಳ್ಲೇಬೇಕು. ಇದಕ್ಕೆ ನಮ್ಮಲ್ಲಿ ‘ಎಳೆಯೋದು’ ಅನ್ನೋ ಮಾತು ಆಗ್ಲೇ ಇದೆ. ಮೋಟ್ರು ಎಷ್ಟು ಕರೆಂಟ್ ಎಳೆಯುತ್ತೆ, ಹಳೇ ಫ್ರಿಡ್ಜು ಜಾಸ್ತಿ ಎಳೆಯುತ್ತೆ ಅಂತ ಎಲ್ರೂ ಅಂತಾರೆ. ‘ಚಾರ್ಜ್ ಹಿಡಿಯೋದು’ ಬೇರೆ, ಅದು ಬ್ಯಾಟರಿ ಆರೋಗ್ಯದ ಮಾತು, ಬ್ಯಾಟರಿ ಹೋಗಿದೆ ಚಾರ್ಜೇ ಹಿಡೀತಿಲ್ಲ ಅಂದ ಹಾಗೆ. ಇವೆರಡನ್ನ ಕಲೆಸಬಾರದು ಅನ್ಸುತ್ತೆ, ನಿಮಗೇನನ್ಸುತ್ತೆ?

ಇನ್ನೊಂದು ಕಷ್ಟ ಯಾವ ಕಡೆಯಿಂದ ಯಾವ ಕಡೆಗೆ ಅನ್ನೋದು. ಸಿಸಿಎಸ್ 2 ಬಾಯಿ ಇರೋ ಕಾರಿಗೆ ಟೈಪ್ 2 ಗನ್ ಕೂರುತ್ತೆ, ಮೇಲಿನ ಅರ್ಧ ಅದೇ ಆಕಾರ. ಆದ್ರೆ ಬರೀ ಟೈಪ್ 2 ಬಾಯಿ ಇರೋ ಕಾರಿಗೆ ಸಿಸಿಎಸ್ ಗನ್ ಕೂರಲ್ಲ, ಕೆಳಗಿನ ಎರಡು ದಪ್ಪ ಪಿನ್ನಿಗೆ ಜಾಗಾನೇ ಇಲ್ಲ. 2023ರಲ್ಲಿ ಬಂದ ಎಂಜಿ ಕಾಮೆಟ್ ಹಾಗೇ, ಅದಕ್ಕೆ ಫಾಸ್ಟ್ ಚಾರ್ಜಿಂಗೇ ಇರಲಿಲ್ಲ. ‘ಟೈಪ್ 2, ಸಿಸಿಎಸ್ 2 ಒಂದಕ್ಕೊಂದು ಹೊಂದುತ್ತವೆ’ ಅಂತ ಬರೆದ್ರೆ ಅರ್ಧ ಸುಳ್ಳು. ‘ಈ ಬಾಯಿಗೆ ಆ ಗನ್ ಕೂರುತ್ತೆ’ ಅಂತ ಬರೆದ್ರೆ ತಪ್ಪೋಕೆ ದಾರೀನೇ ಇಲ್ಲ, ‘ಬಾಯಿಗೆ’ ಅನ್ನೋದರಲ್ಲಿರೋ ಆ ‘ಗೆ’ ಪ್ರತ್ಯಯಾನೇ ಕೆಲಸ ಮಾಡ್ಕೊಡುತ್ತೆ.

ನಾನು ‘ಬಾಯಿ’ ಅಂತ ಬಳಸ್ತಿರೋದು ಕಾರಿನ ಕಡೆಯದಕ್ಕೆ, ಇಂಗ್ಲಿಷಲ್ಲಿ ಇನ್ಲೆಟ್ ಅಂತಾರೆ. ಚೀಲದ ಬಾಯಿ, ಡಬ್ಬದ ಬಾಯಿ ಇದ್ದ ಹಾಗೆ ಇದೂ. ಕೈಯಲ್ಲಿ ಹಿಡಿಯೋದಕ್ಕೆ ಎಲ್ಲರೂ ‘ಗನ್’ ಅಂತಾನೇ ಅಂತಾರೆ, ಅದನ್ನ ಬದಲಾಯಿಸೋ ಆಸೆ ನನಗಿಲ್ಲ. ‘ಮೂತಿ’ ಅಂತ ಯೋಚನೆ ಬಂತು, ಪೈಪಿನ ಮೂತಿ ಅಂತೀವಲ್ಲ ಹಾಗೆ, ಆದ್ರೆ ಮನೆಯವಳು ಮೂತಿ ಅಂದ್ರೆ ಬೈಯ್ದ ಹಾಗೆ ಕೇಳುತ್ತೆ ಬೇಡ ಅಂದ್ಲು, ಸರಿ ಅನ್ನಿಸ್ತು. ಅಂಗಡೀಲಿ ಮೇಲ್ ಫೀಮೇಲ್ ಅಂತಾರೆ, ಅದು ಇಲ್ಲಿ ಖಂಡಿತ ಬೇಡ. ಟೈಪ್ 2ರಲ್ಲಿ ಒಳಗೆ ಹೋಗೋದು ಗನ್ನು, ಆದ್ರೆ ಪಿನ್ನುಗಳು ಎದ್ದಿರೋದು ಕಾರಿನ ಬಾಯೊಳಗೆ, ಗನ್ನಲ್ಲಿರೋದು ತೂತುಗಳು, ಯಾವುದು ಗಂಡು ಯಾವುದು ಹೆಣ್ಣು ಅಂತ ಜಗಳ ಆಗುತ್ತೆ ಅಷ್ಟೇ.

ಇನ್ನು ‘ಚಾರ್ಜರ್’. ಫೋನಿನ ಕಾಲದಿಂದ ನಮಗೆ ಚಾರ್ಜರ್ ಅಂದ್ರೆ ಗೋಡೆಗೆ ಚುಚ್ಚೋ ಡಬ್ಬಿ ಮತ್ತೆ ವೈರು. ಹಾಗಾಗಿ ಹಳೇ ಕಾರು ಮಾರೋರು ‘ಚಾರ್ಜರ್ ಜೊತೇಲೇ ಕೊಡ್ತೀವಿ’ ಅಂದ್ರೆ ಅದು ಡಿಕ್ಕೀಲಿರೋ 15 ಆಂಪಿನ ವೈರೋ, ಗೋಡೆಗೆ ಹಾಕ್ಸೋ 7.2ರ ಡಬ್ಬಿಯೋ ಗೊತ್ತಾಗಲ್ಲ, ಎರಡಕ್ಕೂ ಬೆಲೇಲಿ ತುಂಬಾ ವ್ಯತ್ಯಾಸ ಇದೆ. ‘ಡಿಕ್ಕಿ ವೈರು’, ‘ಗೋಡೆ ಡಬ್ಬಿ’, ‘ಕಾರೊಳಗಿನ ಚಾರ್ಜರು’ ಅಂತ ಮೂರು ಬೇರೆ ಬೇರೆ ಹೆಸರು ನಾನು ಬರ್ಕೊಂಡಿದೀನಿ. ‘ಗೋಡೆ ಡಬ್ಬಿ’ ಸ್ವಲ್ಪ ಒರಟಾಯ್ತೇನೋ.

ನಮೂನೆಗಳ ಹೆಸರಿಗೂ ಒಂದು ಯೋಚನೆ ಇದೆ. ಮೊದಲು ನೋಕಿಯಾ ಫೋನಿದ್ದಾಗ ‘ಸಣ್ಣ ಪಿನ್ನಾ ದಪ್ಪ ಪಿನ್ನಾ’ ಅಂತ ಕೇಳ್ತಿದ್ವಿ, ಯಾರೂ ಹೇಳ್ಕೊಟ್ಟಿರಲಿಲ್ಲ, ಎಲ್ಲಾ ಅಂಗಡೀಲೂ ಅರ್ಥ ಆಗ್ತಿತ್ತು. ಹಾಗೇ ಜಿಬಿ/ಟಿಗೆ ‘ದುಂಡು ಬಾಯಿ’, ಟೈಪ್ 2ಕ್ಕೆ ‘ಏಳು ಪಿನ್’, ಸಿಸಿಎಸ್ 2ಕ್ಕೆ ‘ಜೋಡಿ ಬಾಯಿ’, ಎಸಿ 001ರ ಆ ನೀಲಿ ಬಣ್ಣದ ಮೂರು ಪಿನ್ನಿನದಕ್ಕೆ ‘ನೀಲಿ ಪ್ಲಗ್’. ಭಾಮೈದನ ಹತ್ರ ಮೊದಲೇ ಈ ಮಾತಿದ್ದಿದ್ರೆ ಒಂಬತ್ತು ಎಣಿಸ್ತಾ ಕೂರ್ತಿರಲಿಲ್ಲ, ‘ದುಂಡಾ ಜೋಡಿಯಾ’ ಅಂತ ಒಂದು ಪ್ರಶ್ನೆ ಕೇಳಿ ಮುಗಿಸ್ತಿದ್ದ.

ಹೊರದೇಶದಲ್ಲಿರೋರಿಗೆ ಒಂದು ಪ್ರಶ್ನೆ. ಇಂಗ್ಲೆಂಡಲ್ಲಿ ಹಳೇ ನಿಸ್ಸಾನ್ ಲೀಫ್ ತಗೊಂಡ್ರೆ ಫಾಸ್ಟ್ ಚಾರ್ಜಿಂಗಿಗೆ ಚಾಡೆಮೊ ಅನ್ನೋ ಜಪಾನಿನ ನಮೂನೆ ಗನ್ನೇ ಬೇಕು, ಅಮೆರಿಕದಲ್ಲಿ ಟೈಪ್ 1, ಸಿಸಿಎಸ್ 1, ಈಗ ಟೆಸ್ಲಾದ್ದು ಅಂತ ಅಲ್ಲಿನ ಗೊಂದಲವೇ ಬೇರೆ. ಮನೇಲಿ ಕನ್ನಡ ಮಾತಾಡುವಾಗ ನೀವು ಇದನ್ನೆಲ್ಲಾ ಏನಂತ ಕರೀತೀರಿ? ಅಂದ ಹಾಗೆ ಚಾಡೆಮೊ ಅನ್ನೋ ಹೆಸರೇ ಒಂದು ಪದಚರ್ಚೆಗೆ ಆಗುವಂಥದ್ದು. ‘ಚಾರ್ಜ್ ದೆ ಮೂವ್’ ಅನ್ನೋದನ್ನ ಮೊಟಕು ಮಾಡಿ ಇಟ್ಟಿದ್ದು, ಜೊತೆಗೆ ಜಪಾನಿ ಭಾಷೇಲಿ ‘ಟೀ ಏನಾದ್ರೂ ತಗೋತೀರಾ’ ಅನ್ನೋ ಮಾತನ್ನೂ ನೆನಪಿಸುತ್ತೆ, ಕಾರು ಚಾರ್ಜ್ ಆಗೋಷ್ಟರಲ್ಲಿ ಒಂದು ಟೀ ಕುಡೀಬಹುದು ಅಂತ. ಹೆಸರಿಡೋರು ತಮ್ಮ ಭಾಷೇನ ಎಷ್ಟು ಹತ್ತಿರ ಇಟ್ಕೊಂಡಿದ್ರು ನೋಡಿ. ಬೆಂಗಳೂರಿಂದ 2001ರಲ್ಲೇ ರೇವಾ ಬಂತು, ದೇಶದಲ್ಲಿ ಎಲೆಕ್ಟ್ರಿಕ್ ಕಾರು ಇನ್ನೂ ಅಪರೂಪ ಆಗಿದ್ದಾಗ ನಮ್ಮ ರಸ್ತೇಲಿ ಅದು ಓಡ್ತಿತ್ತು, ಮನೆಯ 15 ಆಂಪಿಗೇ ಹಾಕ್ತಿದ್ರು, ಅದನ್ನ ಇಟ್ಕೊಂಡಿದ್ದೋರ ಮನೇಲಿ ಆಗ ಏನೇನು ಮಾತು ಬಳಕೇಲಿತ್ತು ಅಂತ ತಿಳ್ಕೊಳ್ಳೋ ಆಸೆ ನನಗೆ ತುಂಬಾ ಇದೆ. ನಿಮ್ಮಲ್ಲಿ ಯಾರಾದ್ರೂ ಇಟ್ಕೊಂಡಿದ್ರೆ ದಯವಿಟ್ಟು ಬರೀರಿ.

ಧಾರವಾಡ ಕಡೆಯೋರು, ಮಂಗಳೂರು ಕಡೆಯೋರು ‘ಕೂರಲ್ಲ’, ‘ಒಗ್ಗಲ್ಲ’ ಅನ್ನೋದಕ್ಕೆ ಏನಂತೀರಿ? ‘ಒಗ್ಗಂಗಿಲ್ಲ’ ಅಂತ ಹುಬ್ಬಳ್ಳಿಯ ಗೆಳೆಯರೊಬ್ರು ಅನ್ನೋದು ಕೇಳಿದೀನಿ, ಆದ್ರೆ ಅದು ಊಟ, ಹವಾಮಾನಕ್ಕೆ ಮಾತ್ರಾನೋ, ಮಿಷಿನ್ನಿಗೂ ಅಂತಾರೋ ಕೇಳೋದು ಮರೆತೆ. ‘ತಾಳೆ ಆಗೋದು’ ಅನ್ನೋದನ್ನೂ ನೋಡಿದೆ, ಅದು ನನಗೆ ಲೆಕ್ಕದ ಪುಸ್ತಕದ ಮಾತಾಗಿ ಕೇಳುತ್ತೆ.

ಇಷ್ಟೆಲ್ಲಾ ಕೇಳ್ತಿರೋದು ಯಾಕಂದ್ರೆ ಒಂದು ಹಾಳೆ ಬರೀತಿದೀನಿ, ಹಳೇ ಎಲೆಕ್ಟ್ರಿಕ್ ಗಾಡಿ ನೋಡೋಕೆ ಹೋಗೋರು ಜೇಬಲ್ಲಿ ಇಟ್ಕೊಂಡು ಹೋಗೋಕೆ. ಮೊದಲ ಸಾಲು ಹೀಗಿದೆ: ‘ಮುಚ್ಚಳ ತೆಗೆದು ಬಾಯಿ ನೋಡಿ, ದುಂಡೋ ಜೋಡಿಯೋ. ನೀವು ದಿನಾ ಓಡಾಡೋ ದಾರೀಲಿರೋ ಸ್ಟೇಷನ್ನಿಗೇ ಗಾಡಿ ತಗೊಂಡು ಹೋಗಿ, ಗನ್ ಕೂರುತ್ತಾ ನೋಡಿ, ಕೂತ್ಮೇಲೆ ಒಗ್ಗುತ್ತಾ ನೋಡಿ, ಒಗ್ಗಿದ್ಮೇಲೆ ಎಷ್ಟು ಎಳೀತಿದೆ ಅಂತ ಸ್ಕ್ರೀನಲ್ಲಿ ನೋಡಿ. ಅಡ್ವಾನ್ಸ್ ಆಮೇಲೆ.’ ಇದರಲ್ಲಿ ಯಾವ ಪದ ನಿಮ್ಮೂರಲ್ಲಿ ಅರ್ಥ ಆಗಲ್ಲ ಹೇಳಿ. ಅಡ್ವಾನ್ಸು ಅರ್ಧ ವಾಪಸ್ ಬಂತು, ಭಾಮೈದ ಬರೋ ಭಾನುವಾರ ಇನ್ನೊಂದು ಗಾಡಿ ನೋಡೋಕೆ ಹೊರಟಿದಾನೆ, ‘ಭಾವ, ಆ ಹಾಳೆ ಆಯ್ತಾ’ ಅಂತ ನಿನ್ನೇನೂ ಕೇಳ್ದ, ಶನಿವಾರ ರಾತ್ರಿಯೊಳಗೆ ಉತ್ತರ ಬಂದ್ರೆ ತಿದ್ದಿ ಕೊಡ್ತೀನಿ.