ಗುಬ್ಬಕ್ಕ ಕೊನೆಗೆ ಬಾಗಿಲು ತೆಗೀತಾ, ಇಲ್ವಾ?

ಸೊಗಡವರೆ:
ಕಾಗಕ್ಕ ಗುಬ್ಬಕ್ಕನ ಕತೆ ನಿಮಗೆಲ್ಲ ಗೊತ್ತಿರುತ್ತೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕೊಚ್ಚಿಕೊಂಡು ಹೋಗುತ್ತೆ. ಕಾಗಕ್ಕ ತೊಪ್ಪೆಯಾಗಿ ಬಂದು ‘ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ’ ಅನ್ನುತ್ತೆ. ‘ತಡಿ, ಮಗೂಗೆ ಎಣ್ಣೆ ಹಚ್ತಿದೀನಿ’ ಅನ್ನುತ್ತೆ ಗುಬ್ಬಕ್ಕ. ಆಮೇಲೆ? ಆಮೇಲಿನದು ನನಗೆ ಗೊತ್ತೇ ಇಲ್ಲ.

ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಅಪ್ಪ ಈ ಕತೆ ಹೇಳುತ್ತಿದ್ದದ್ದು ಅವರೆಕಾಯಿ ಕಾಲದಲ್ಲಿ ಮಾತ್ರ. ಸಂಕ್ರಾಂತಿ ಹಿಂದುಮುಂದಿನ ಚಳಿ. ಕರೆಂಟ್ ಇರುತ್ತಿರಲಿಲ್ಲ. ನಡುವೆ ನೆನೆಹಾಕಿದ ಕಾಳಿನ ದೊಡ್ಡ ಬೋಗುಣಿ, ಸುತ್ತ ನಾವು 3 ಮಕ್ಕಳು. ಬೆಳಿಗ್ಗೆ ಹಿತಕಿದ ಬೇಳೆ ಸಾರು ಆಗಬೇಕು ಅಂದರೆ ರಾತ್ರಿಯೇ ಅಷ್ಟನ್ನೂ ಹಿತುಕಬೇಕು. ಬೆರಳ ತುದಿ ಸುಕ್ಕಾಗಿ ಬೆಳ್ಳಗಾಗುತ್ತಿತ್ತು. ನಾವು ಎದ್ದು ಓಡದ ಹಾಗೆ ಕೂರಿಸೋಕೆ ಅಪ್ಪನ ಹತ್ತಿರ ಇದ್ದದ್ದು ಈ ಒಂದೇ ಕತೆ.

ಹಾಗಾಗಿ ಗುಬ್ಬಕ್ಕ ಬಾಗಿಲು ತೆಗೆಯುತ್ತಲೇ ಇರಲಿಲ್ಲ! ಬೋಗುಣಿಯಲ್ಲಿ ಕಾಳು ಇರೋವರೆಗೂ ಅದಕ್ಕೆ ಕೆಲಸ. ಒಳಗೆ ಅಮ್ಮ ಏನು ಮಾಡುತ್ತಿದ್ದರೋ ಗುಬ್ಬಕ್ಕನೂ ಅದನ್ನೇ ಮಾಡುತ್ತಿತ್ತು. ಅಮ್ಮ ಒಲೆ ಸಾರಿಸಿದರೆ ಅದೂ ಒಲೆ ಸಾರಿಸೋದು. ಅಮ್ಮ ಹಾಲಿಗೆ ಹೆಪ್ಪು ಹಾಕಿದರೆ ಅದೂ ಹೆಪ್ಪು ಹಾಕೋದು. ಒಂದು ಸಲ ಅಮ್ಮ ಯಾವುದಕ್ಕೋ ಅಪ್ಪನ ಮೇಲೆ ರೇಗಿದರು. ‘ತಡಿ ಕಾಗಕ್ಕ, ಯಜಮಾನರಿಗೆ ಬೈತಿದೀನಿ’ ಅಂದುಬಿಟ್ಟಿತು ಗುಬ್ಬಕ್ಕ. ನಾವು ಹೂಂ ಅನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಕತೆ ನಿಂತುಹೋಗುತ್ತಿತ್ತು. ಕಾಳು ಮುಗಿಯೋ ಹೊತ್ತಿಗೆ ನಾನು ಚಾಪೆ ಮೇಲೆ ನಿದ್ದೆ.

ಮೊನ್ನೆ ಅಪ್ಪನನ್ನೇ ಕೇಳಿದೆ. ಈಗ 81 ವರ್ಷ. ‘ನಾನೆಲ್ಲಿ ಕತೆ ಹೇಳ್ತಿದ್ದೆ, ಅದೆಲ್ಲ ನಿಮ್ಮಮ್ಮ’ ಅಂದರು. ಅಮ್ಮ ಈಗಿಲ್ಲ. ನಿಮ್ಮ ಮನೆಯಲ್ಲಿ ಇದು ಹೇಗೆ ಮುಗಿಯುತ್ತಿತ್ತು?

ಕೊಬ್ಬರಿಮಿಠಾಯಿ:
ನಮ್ಮಲ್ಲಿ ಬಾಗಿಲು ತೆಗೆಯುತ್ತೆ. ಕಡಲೆ ಮೂಟೆ ಇರೋ ಕೋಣೆಯಲ್ಲಿ ಮಲಗು ಅನ್ನುತ್ತೆ. ರಾತ್ರಿಯೆಲ್ಲ ‘ಕಟುಂ ಕುಟುಂ’. ಅದೇನು ಸದ್ದು ಅಂದರೆ ‘ಅಡಿಕೆ ಅಗೀತಿದೀನಿ ಗುಬ್ಬಕ್ಕ’. ಬೆಳಿಗ್ಗೆ ನೋಡಿದರೆ ಮೂಟೆ ಖಾಲಿ, ಮೂಲೆ ತುಂಬ ಗಲೀಜು. ಕಟುಂ ಕುಟುಂ ಅನ್ನುವಾಗ ನಮ್ಮಮ್ಮ ನಿಜವಾಗಿಯೂ ಕಡಲೆ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ನಮಗೆ ಕೊಡುತ್ತಿರಲಿಲ್ಲ ಅನ್ನೋ ಸಿಟ್ಟು ಇನ್ನೂ ಇದೆ.

ಬೆಳಗಾವಿ ಕುಂದಾ:
ನಮ್ಮ ಕಡೆ ಗುಬ್ಬವ್ವ. ‘ಗುಬ್ಬವ್ವ ಗುಬ್ಬವ್ವ, ಕದಾ ತೆಗಿ.’ ಪಕ್ಕದ ಮರಾಠಿ ಮನೆಯಲ್ಲೂ ಇದೇ ಕತೆ, ‘ಚಿವೂತಾಯಿ ಚಿವೂತಾಯಿ, ದಾರ ಉಘಡ’ ಅಂತ. ಆದರೆ ಅವರ ಗುಬ್ಬಿಯದು ಕಲ್ಲಿನ ಮನೆ ಅಲ್ಲ, ಮೇಣದ ಮನೆ. ಮರಾಠಿಯಲ್ಲಿ ಸಗಣಿಗೆ ಶೇಣ ಅಂತಾರೆ. ಶೇಣ, ಮೇಣ, ಪ್ರಾಸ ಕೂಡುತ್ತೆ ನೋಡಿ. ಬಿಸಿಲಿಗೆ ಕರಗಲ್ವಾ ಅಂತ ಕೇಳಿ ಆ ಮನೆಯ ಆಜಿಯಿಂದ ಬೈಸಿಕೊಂಡಿದ್ದೆ.

ಹಳೇ ಮೇಷ್ಟ್ರು:
ಬಾಯಿಂದ ಬಾಯಿಗೆ ಬಂದ ಕತೆಗೆ ಒಂದೇ ಕೊನೆ ಇರಲ್ಲ. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಇಂಥ ಕನ್ನಡ ಕತೆಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಮಕ್ಕಳಿಗೆ ಊಟ ಮಾಡಿಸುತ್ತಾ ಹೆಂಗಸರು ಮನೆಯೊಳಗೆ ಹೇಳುವ ಕತೆಗಳ ಬಗ್ಗೆ ಬರೆದೂ ಇದ್ದಾರೆ. ಗುಬ್ಬಕ್ಕನ ಕೆಲಸ ನೋಡಿ: ಎಣ್ಣೆ ಹಚ್ಚೋದು, ನೀರು ಹಾಕೋದು, ತೊಟ್ಟಿಲು ತೂಗೋದು. ಎಲ್ಲ ತಾಯಿಯ ಕೆಲಸ. ನಿಮ್ಮಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ ಅನಿಸುತ್ತೆ. ನಿಮ್ಮಮ್ಮ ಹೇಳೋದನ್ನ ಕೇಳಿಯೇ ಕಲಿತಿರಬಹುದು.

ಸೊಗಡವರೆ:
ಮೇಷ್ಟ್ರೇ, ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮಕ್ಕನನ್ನ ಕೇಳಿದೆ. ಅವಳನ್ನ ಮಲಗಿಸುವಾಗ ಅಮ್ಮ ಹೇಳುತ್ತಿದ್ದರಂತೆ. ನಾನು ಹುಟ್ಟೋ ಹೊತ್ತಿಗೆ ಅಮ್ಮನಿಗೆ ಪುರುಸೊತ್ತು ಇರಲಿಲ್ಲ.

ರಾತ್ರಿ ನಿಮ್ಮೆಲ್ಲರ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ‘ಕಡಲೆ ಮೂಟೆ’ ಅಂದ ತಕ್ಷಣ ಕಣ್ಣು ಬಿಟ್ಟರು. ‘ಕಡಲೆ ಅಲ್ಲ ಕಣಮ್ಮ. ಅವರೆ, ಒಣಗಿದ ಅವರೆ. ಹಸಿಕಾಳು ಎಲ್ಲಾದ್ರೂ ಕಟುಂ ಅನ್ನುತ್ತಾ?’ ಅಂದರು.

ಅಲ್ಲಿಗೆ ನಮ್ಮ ಮನೆಯಲ್ಲೂ ಬಾಗಿಲು ತೆಗೆದಿತ್ತು ಅಂತಾಯ್ತು.