ಜಿಂಕೆ ಶಿಕಾರಿಗೆ ಒದೆತ ಕಡಿಮೆ ಇರುವ ರೈಫಲ್ ಯಾವುದು?

ಮ್ಯಾಡಿಸನ್ ಕನ್ನಡತಿ:
ವಿಸ್ಕಾನ್ಸಿನ್‌ನಲ್ಲಿ ಇದ್ದೇನೆ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಯಿತು, ನವೆಂಬರಿನಲ್ಲಿ ಮೊದಲ ಸಲ ಶಿಕಾರಿಗೆ ಹೊರಟಿದ್ದೇನೆ. ಹೋದ ವಾರ ಗೆಳೆಯರೊಬ್ಬರ .30-06 ಕ್ಯಾಲಿಬರ್ (ಗುಂಡು, ತೋಟೆಯ ಅಳತೆ) ರೈಫಲ್‌ನಲ್ಲಿ ಹತ್ತು ಗುಂಡು ಹೊಡೆದೆ. ಹಿಂದಕ್ಕೆ ಒದ್ದ ಹೊಡೆತಕ್ಕೆ ಭುಜ ಕಪ್ಪಾಯಿತು, ಅದು ಹೋಗಲಿ, ನಾಲ್ಕನೇ ಗುಂಡಿನ ಹೊತ್ತಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ನನ್ನ ಎತ್ತರ 5 ಅಡಿ 2 ಇಂಚು. ಅಂಗಡಿಯಲ್ಲಿ "ಹೆಂಗಸರಿಗೆ ಹಗುರದ್ದೇ ಸರಿ" ಅಂತ 5.5 ಪೌಂಡಿನ .308 ತೋರಿಸಿದರು. ಸಣ್ಣ ಕ್ಯಾಲಿಬರ್ ತಗೊಂಡರೆ ಪ್ರಾಣಿ ಗಾಯಗೊಂಡು ನರಳುತ್ತದೇನೋ ಅನ್ನುವ ಭಯವೂ ಇದೆ.

ಹಳೇ ಶಿಕಾರಿ:
ಆ ಹಗುರ .308 ಮಾತ್ರ ಬೇಡ. ರೈಫಲ್ ತೂಕ ಇಳಿದಷ್ಟೂ ಒದೆತ ಜಾಸ್ತಿ, ನಿಮ್ಮ ಗೆಳೆಯರದ್ದು 8 ಪೌಂಡ್ ಇದ್ದರೆ ಇದೂ ಹೆಚ್ಚುಕಮ್ಮಿ ಅಷ್ಟೇ ಒದೆಯುತ್ತದೆ. .243 ವಿಂಚೆಸ್ಟರ್ ನೋಡಿ. 1955ರಿಂದ ಇದೆ, .308ರ ತೋಟೆಯ ಕುತ್ತಿಗೆ ಕಿರಿದು ಮಾಡಿ ತಯಾರಿಸಿದ್ದು, ಅದೇ ತೂಕದ ರೈಫಲ್‌ನಲ್ಲಿ .30-06ರ ಅರ್ಧದಷ್ಟೇ ಒದೆತ. ಆದರೆ ಗುಂಡು 95 ಅಥವಾ 100 ಗ್ರೇನ್‌ನದ್ದೇ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಇರಲಿ. ಇದೇ ಕ್ಯಾಲಿಬರಿಗೆ 55-58 ಗ್ರೇನ್ ಗುಂಡುಗಳೂ ಸಿಗುತ್ತವೆ, ಅವು ನರಿಯಂಥ ಸಣ್ಣ ಪ್ರಾಣಿಗೆ. ಜಿಂಕೆಗೆ ಹೊಡೆದರೆ ಒಳಗೆ ಇಳಿಯುವ ಮೊದಲೇ ಚೂರಾಗಬಹುದು. ನಿಮಗಿರುವ ಭಯ ನಿಜವಾಗುವುದು ಅಲ್ಲಿ.

ಕೊಡಗಿನ ಹುಡುಗ:
ನಮ್ಮ ಕಡೆ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಈಡು ಹೊಡೆಯುವಾಗ ಹಿರಿಯರು ಮೊದಲು ನೋಡುವುದು ಕೋವಿ ಭುಜಕ್ಕೆ ಸರಿಯಾಗಿ ಕೂತಿದೆಯಾ ಅಂತ. ಮಾಮೂಲಿ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ) ಸುಮಾರು 13.5 ಇಂಚು ಉದ್ದ, ನಿಮ್ಮ ಎತ್ತರಕ್ಕೆ ಅದು ಉದ್ದವೇ ಆಗುತ್ತದೆ. ಒಂದಿಂಚು ಕಡಿಮೆ ಇರುವ ಕಾಂಪ್ಯಾಕ್ಟ್ ಮಾಡೆಲ್ ಕೇಳಿ. ಕಣ್ಣು ಮುಚ್ಚಿ ರೈಫಲ್ ಏರಿಸಿ, ಕೆನ್ನೆ ಒರಗಿಸಿ, ಕಣ್ಣು ಬಿಟ್ಟಾಗ ಸ್ಕೋಪ್ ಪೂರ್ತಿ ಕಾಣಬೇಕು.

ಕ್ಯಾಲಿಬರ್ ವಿಷಯಕ್ಕೆ ಬಂದರೆ ನನ್ನ ಮತ 7 ಎಂಎಂ-08 ಅಥವಾ 6.5 ಕ್ರೀಡ್‌ಮೂರ್‌ಗೆ. ಒದೆತ .243ಕ್ಕಿಂತ ಸ್ವಲ್ಪ ಜಾಸ್ತಿ, .308ಕ್ಕಿಂತ ಕಡಿಮೆ. ಗುಂಡು ಭಾರ ಇರುವುದರಿಂದ, ಜಿಂಕೆ ಓರೆಯಾಗಿ ನಿಂತಿದ್ದರೂ ಒಳಗಿನ ತನಕ ಇಳಿಯುತ್ತದೆ. ಮಝಲ್ ಬ್ರೇಕ್ (ನಳಿಕೆಯ ತುದಿಗೆ ಹಾಕುವ ಸಾಧನ) ಬೇಡ, ಒದೆತ ಇಳಿಸುತ್ತದೆ ನಿಜ, ಆದರೆ ಆ ಸದ್ದು ಕಿವಿ ಹಾಳು ಮಾಡುತ್ತದೆ.

ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವ ಅಭ್ಯಾಸವನ್ನು ಈಗಲೇ ಬಿಡಿಸಿಕೊಳ್ಳಿ. ರೇಂಜಿನಲ್ಲಿ ಗೆಳೆಯರು ನಿಮಗೆ ಕಾಣದ ಹಾಗೆ ಒಮ್ಮೆ ನಿಜ ತೋಟೆ, ಒಮ್ಮೆ ಡಮ್ಮಿ (ಸಿಡಿಯದ ನಕಲಿ ತೋಟೆ) ತುಂಬಿ ಕೊಡಲಿ. ಡಮ್ಮಿ ಬಂದಾಗ ನಳಿಕೆ ಅಲುಗಿದರೆ ಬೆಚ್ಚುತ್ತಿದ್ದೀರಿ ಅಂತ ಗೊತ್ತಾಗುತ್ತದೆ. ಅಲುಗದೇ ನಿಲ್ಲುವ ತನಕ ಕಾಡಿಗೆ ಹೋಗಬೇಡಿ, ದಯವಿಟ್ಟು.

ಹಳೇ ಶಿಕಾರಿ:
ಡಮ್ಮಿ ವಿಷಯ ನೂರಕ್ಕೆ ನೂರು ಸರಿ. ಇನ್ನೊಂದು ಮಾತು, ಗ್ರೀನ್ ಕಾರ್ಡ್ ಇದ್ದರೆ ಸರಿ. ಎಚ್-1ಬಿ ವೀಸಾದಲ್ಲಿ ಇದ್ದರೆ ಹಂಟಿಂಗ್ ಲೈಸೆನ್ಸ್ ಕೈಗೆ ಬರುವ ತನಕ ರೈಫಲ್ ಮುಟ್ಟಲೂ ಬೇಡಿ, ರೇಂಜಿನಲ್ಲಿ ಕೂಡ. ಫೆಡರಲ್ ಕಾನೂನು ಅದು.

ಮ್ಯಾಡಿಸನ್ ಕನ್ನಡತಿ:
ಗ್ರೀನ್ ಕಾರ್ಡ್ ಇದೆ. ಶನಿವಾರ ಗೆಳತಿಯೊಬ್ಬಳ ಕಾಂಪ್ಯಾಕ್ಟ್ 7 ಎಂಎಂ-08 ಹೊಡೆದು ನೋಡುತ್ತೇನೆ, ಡಮ್ಮಿ ತೋಟೆ ಈಗಷ್ಟೇ ಆರ್ಡರ್ ಮಾಡಿದೆ.